ಪಟ್ಟದ ಗೊಂಬೆಯ ಕೆಳಗೆ ನಾಲ್ಕು ಸಬ್‌ಮೆರಿನ್‌ಗಳು

ಕಾಗದದ ಗೊಂಬೆಗೆ ಒಳಗು ಅಂತ ಇರುವುದಿಲ್ಲ. ಅಚ್ಚಿನ ಎರಡು ಹೋಳಿಗೂ ಕಾಗದದ ಮುದ್ದೆ ಒತ್ತಿ, ಒಣಗಿದ ಮೇಲೆ ಬಿಡಿಸಿ, ಎರಡನ್ನೂ ಸೇರಿಸಿ ಅಂಟಿಸಿದರೆ ಒಳಗೆ ಉಳಿಯುವುದು ಬರೀ ಕತ್ತಲೆ. ಶೆಟ್ಟಿ ಗೊಂಬೆಯ ಹೊಟ್ಟೆಯೊಳಗೆ ಏನಿದೆ ಅಂತ ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳಿಲ್ಲ. ಒಳಗಿನದು ಕೇಳಿದವರು ಒಬ್ಬರೇ. ಅವರು ಕೇಳಿದ್ದು ಗೊಂಬೆಯದಲ್ಲ, ಸಬ್‌ಮೆರಿನ್ನಿನದು.

ಶ್ರಾವಣದಲ್ಲಿ ಹೂಟಗಳ್ಳಿಯ ನಮ್ಮ ಶೆಡ್ಡಿಗೆ ಗಂಡಹೆಂಡತಿ ಆಟೋದಲ್ಲಿ ಬಂದರು. ಜಯಲಕ್ಷ್ಮಿಪುರಂನವರು. ಹೆಂಡತಿ ನನ್ನ ಹಾಗೇ ಎಪ್ಪತ್ತರ ಹತ್ತಿರದ ಹೆಂಗಸು, ಯಜಮಾನರು ಇನ್ನೂ ಸ್ವಲ್ಪ ಹಿರಿಯರು. ಆಯಮ್ಮ ಪ್ರತಿವರ್ಷ ನವರಾತ್ರಿಗೆ ಗೊಂಬೆ ಕೂರಿಸುವವರು. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆ, ಆ ರಾಜ ರಾಣಿ ಜೋಡಿಯನ್ನು ಮೇಲೆ ಇಟ್ಟು, ಕೆಳಗಿನ ಮೆಟ್ಟಿಲುಗಳಲ್ಲಿ ಮಿಕ್ಕಿದ್ದು. ಈ ವರ್ಷ ಕೆಳಗಿನ ನಾಲ್ಕು ಮೆಟ್ಟಿಲಿಗೆ ನಾಲ್ಕು ಸಬ್‌ಮೆರಿನ್ ಬೇಕು ಅಂದರು. ಪಟ್ಟದ ಗೊಂಬೆಯದೂ ಸೇರಿದರೆ ಐದು ಮೆಟ್ಟಿಲು, ಬೆಸ ಸಂಖ್ಯೆ, ಸರಿಹೋಗುತ್ತದೆ ಅಂತ ಲೆಕ್ಕವನ್ನೂ ಹಾಕಿಕೊಂಡು ಬಂದಿದ್ದರು.

ಯಜಮಾನರು ನೌಕಾಪಡೆಯಲ್ಲಿ ಎಲೆಕ್ಟ್ರಿಕ್ ಕೆಲಸದವರಾಗಿದ್ದು ನಿವೃತ್ತರಾದವರು. ನಮ್ಮ ದೇಶಕ್ಕೆ ಮೊದಲು ಬಂದ ಸಬ್‌ಮೆರಿನ್‌ಗಳಲ್ಲಿ ಇದ್ದವರಂತೆ. ಅದನ್ನು ಅವರು ಹಡಗು ಅನ್ನುವುದಿಲ್ಲ, ಬೋಟು ಅನ್ನುತ್ತಾರೆ. ಅವರು ಅಚ್ಚುಗಳನ್ನು ನೋಡುತ್ತ ಶೆಡ್ಡಿನ ಆಚೆ ತುದಿಗೆ ಹೋದಾಗ ಆಯಮ್ಮ ನೀರಿನ ತೊಟ್ಟಿಯ ಹತ್ತಿರ ನನ್ನನ್ನು ಕರೆದರು.

"ನೋಡಿ, ಇಷ್ಟು ವರ್ಷ ಸಂಸಾರ ಮಾಡಿದೀನಿ. ಅರ್ಧ ಆಯಸ್ಸು ಇವರು ಅದರೊಳಗೇ ಇದ್ರು. ಅದರೊಳಗೆ ಎಂಗಿತ್ತು ಅಂತ ನನಗೆ ಗೊತ್ತಿಲ್ಲ. ಕೇಳಿದ್ರೆ, ಅದೆಲ್ಲ ಹೇಳೋ ಹಾಗಿಲ್ಲ ಕಣೇ ಅಂತಾರೆ. ನೀವು ಮಾಡ್ಬೇಕಾದ್ರೆ ಹೇಳಲೇಬೇಕಲ್ಲ? ಒಂದು ಬೋಟಿನ ಒಳಗು ನನಗೆ ಕಾಣಬೇಕು. ಪಾಡ್ಯದ ದಿನಕ್ಕೆ."

ಗೊಂಬೆ ಕೂರಿಸುವವರಿಗೆ ಪಾಡ್ಯ ಅಂದರೆ ಪಾಡ್ಯ. ಆ ದಿನ ತಪ್ಪಿದರೆ ಆ ವರ್ಷ ತಪ್ಪಿತು. ಮುಂದಿನ ವರ್ಷ ನೋಡೋಣ ಅನ್ನುವ ವಯಸ್ಸು ನಮ್ಮ ಯಾರದೂ ಅಲ್ಲ. ನಾನು ಆಗಲಿ ಅಂದೆ. ಯಜಮಾನರು ವಾಪಸು ಬಂದು, ಹೊರಗಿನದು ಮಾತ್ರ ಸಾಕು, ಒಳಗಿನದು ಯಾರಿಗೆ ಬೇಕು ಅಂದರು. ಅದಕ್ಕೂ ಆಗಲಿ ಅಂದೆ. ಇಬ್ಬರಿಗೂ ಆಗಲಿ ಅಂದದ್ದರ ಫಲ ಎರಡು ತಿಂಗಳು ತಿಂದೆ.

ಹೊರಗಿನದನ್ನು ಹೇಳುವುದರಲ್ಲಿ ಅವರಿಗೆ ಯಾವ ಸಂಕೋಚವೂ ಇರಲಿಲ್ಲ. ಮೊದಲು ನಮ್ಮಲ್ಲಿ ಇಂಥ ಬೋಟೇ ಇರಲಿಲ್ಲವಂತೆ. ರಷ್ಯಾದಿಂದ ಬಂದವೇ ಮೊದಲನೆಯವು. ಉದ್ದ, ಸಪೂರ, ಹಿಂದುಗಡೆ ಮೂರು ಫ್ಯಾನು. ಆಮೇಲೆ ಜರ್ಮನಿಯವು, ಗಿಡ್ಡ, ಒಂದೇ ಫ್ಯಾನು. ಅದರಲ್ಲಿ ಎರಡನ್ನು ಮುಂಬಯಿಯಲ್ಲೇ ಕಟ್ಟಿದರು. ಅದೇ ಸುಮಾರಿಗೆ ರಷ್ಯಾದ್ದೇ ಇನ್ನೊಂದು ನಮೂನೆ ಬಂತು, ಮುಂದೆ ಬುಂಡೆಯ ಹಾಗೆ ದಪ್ಪ, ಅದಕ್ಕೂ ಒಂದೇ ಫ್ಯಾನು. ಈಗಿನವು ಫ್ರಾನ್ಸಿನವರ ನಕ್ಷೆ, ಕಟ್ಟಿದ್ದು ಮುಂಬಯಿ. ಅದನ್ನು ಅವರೂ ಪೇಪರಿನಲ್ಲಿ ನೋಡಿದ್ದಷ್ಟೇ.

ನಾಲ್ಕರದೂ ಕೆಲಸ ಒಂದೇ. ದಡದಿಂದ ಬಹಳ ದೂರವಿಲ್ಲದ ನೀರಿನಲ್ಲಿ ಸದ್ದಿಲ್ಲದೆ ಹೊಂಚು ಹಾಕುವುದು. ನೀರಿನ ಮೇಲ್ಮಟ್ಟಕ್ಕೆ ಬಂದು, ಮೂಗಿನಂಥ ಒಂದು ಕೊಳವೆಯನ್ನು ಮೇಲಕ್ಕೆ ಚಾಚಿ ಗಾಳಿ ಎಳೆದುಕೊಂಡು, ಡೀಸೆಲ್ ಇಂಜಿನ್ ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳುತ್ತವೆ. ಮುಳುಗಿದ ಮೇಲೆ ಇಂಜಿನ್ ನಿಲ್ಲಿಸಿ ಬ್ಯಾಟರಿಯಲ್ಲಿ ಓಡುತ್ತವೆ. ಬ್ಯಾಟರಿ ಮುಗಿಯುತ್ತ ಬಂದರೆ ಶತ್ರು ಇರಲಿ ಬಿಡಲಿ, ಮೇಲೆ ಬರಲೇಬೇಕು. "ಫೋನ್ ಥರಾನೇ ಬುಡಿ, ಚಾರ್ಜ್ ಇರೋವರೆಗೆ ಬದುಕು" ಅಂದರು. ಅದು ನನಗೆ ಅರ್ಥವಾಯಿತು.

ಅರ್ಥವಾದರೆ ಗೊಂಬೆ ಆಗುವುದಿಲ್ಲ. ನನ್ನ ಕೈ ಪಳಗಿರುವುದು ಗುಂಡಗಿನ ಸಾಮಾನಿಗೆ, ಹೊಟ್ಟೆ, ತಲೆ, ಆನೆ. ನಾಲ್ಕೂವರೆ ಅಡಿ ಉದ್ದದ ಸಪೂರ ಸಾಮಾನಿಗೆ ಅಚ್ಚೇ ಇರಲಿಲ್ಲ. ಹಲಗೆಯ ಮೇಲೆ ಮಣ್ಣಿನಲ್ಲಿ ಆಕಾರ ಮಾಡಿ ಅದರ ಮೇಲೆ ಮುದ್ದೆ ಹಾಸಿದೆ. ಭಾದ್ರಪದ ಬಂತು, ಮೋಡ ಕವಿದು ಕೂತಿತು. ಮುದ್ದೆಯ ಮೇಲ್ಮೈ ಒಣಗುವುದು, ಅಡಿಯಲ್ಲಿ ಹಸಿ. ಮೇಲೆ ಒಣಗಿದ್ದು ಎಳೆದುಕೊಂಡು ಬೋಟು ಬಾಳೆಕಾಯಿಯ ಹಾಗೆ ಡೊಂಕಾಯಿತು. ಒಡೆದು ನೆನೆಹಾಕಿ ಮತ್ತೆ ಮಾಡಿದೆ. ಈ ಸಲ ಆ ಕಡೆಗೆ ಡೊಂಕು.

ಅಂಟಿನದು ಇನ್ನೊಂದು ಗೋಳು. ನಾವು ಹಾಕುವುದು ಹುಣಸೆಬೀಜದ ಅಂಟು. ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿ ಮಾಡಿದ್ದು. ಅದಕ್ಕೆ ಮೈಲುತುತ್ತ ಸೇರಿಸದಿದ್ದರೆ ಹುಳ ಹಿಡಿಯುತ್ತದೆ, ಇಲಿಯೂ ಬರುತ್ತದೆ. ಸೊಸೆ ಸೇರಿಸಿದ್ದಾಳೆ ಅಂತ ನಾನು, ನಾನು ಸೇರಿಸಿದ್ದೇನೆ ಅಂತ ಸೊಸೆ. ಎರಡನೆಯ ಬೋಟಿನ ಮೂತಿಯನ್ನು ಇಲಿ ತಿಂದುಹಾಕಿತು. ಮೂರನೆಯದಕ್ಕೆ ಅಭ್ಯಾಸಬಲದಲ್ಲಿ ಮೂರು ಫ್ಯಾನು ಕೂರಿಸಿ ಬಣ್ಣ ಹಚ್ಚಿಬಿಟ್ಟಿದ್ದೆ. ಯಜಮಾನರು ಬಂದು ನೋಡಿ, ಎರಡನ್ನು ಚಿವುಟಿ ತೆಗೆದು ನನ್ನ ಕೈಗೆ ಕೊಟ್ಟರು. ನನಗೆ ಮೈ ಉರಿಯಿತು.

ಸೊಸೆ ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿದ್ದಳು. "ಅತ್ತೆ, ಪೈಪ್ ಹಾಕಣ. ಆರಿಂಚಿಂದು. ಡೊಂಕಾಗಲ್ಲ." ಕಕ್ಕಸಿನ ಪೈಪಿಗೆ ಕಾಗದ ಸುತ್ತಿ ಅದನ್ನು ಪಟ್ಟದ ಗೊಂಬೆಯ ಕೆಳಗೆ ಇಡುವುದೇ ಅಂತ ನಾನು ಬೈದಿದ್ದೆ. ಎರಡು ಸಲ ಡೊಂಕಾದ ಮೇಲೆ ಬೈಗುಳ ನುಂಗಿಕೊಂಡು ಅಂಗಡಿಗೆ ಕಳಿಸಿದೆ. ಹೊಸ ಪೈಪು ತಂದಳು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿದೆ, ಕೆಲಸ ಶುರುಮಾಡಿದೆವು. ಪೈಪಿನ ಮೇಲೆ ಗೋಣಿದಾರ ಸುತ್ತಿ, ಅದರ ಮೇಲೆ ಮುದ್ದೆಯನ್ನು ತೆಳ್ಳಗೆ ಹಚ್ಚಿ, ಮೂತಿಗೂ ಬಾಲಕ್ಕೂ ಬೇರೆ ತುಂಡು ಮಾಡಿ ಜೋಡಿಸಿ, ಸೀಮೆಸುಣ್ಣದ ಪುಡಿ ಬಳಿದು ಉಪ್ಪುಕಾಗದದಲ್ಲಿ ಉಜ್ಜಿದೆವು. ನೆಟ್ಟಗೆ ನಿಂತಿತು. ಸೊಸೆ ನಗಲಿಲ್ಲ. ನಗದೇ ಇದ್ದದ್ದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ವಾರ್ನಿಷ್ ಹೊಡೆದಾಗ ಯಜಮಾನರು ಬೇಡ ಅಂದರು, ಬೋಟು ಮಿಂಚಬಾರದಂತೆ. ಒರೆಸಿ, ಮಸಿ ಕಲಸಿ ಹಚ್ಚಿದ್ದಾಯಿತು. ನಾಲ್ಕೂ ಮುಗಿದವು. ಹಬ್ಬ ಹತ್ತಿರ ಬಂದಿತ್ತು. ಆಯಮ್ಮನಿಗೆ ಫೋನ್ ಮಾಡಿಸಿದೆ, ಇಬ್ಬರೂ ಬಂದರು.

ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದೆವು. ಆಯಮ್ಮ ಒಂದೊಂದರ ಹತ್ತಿರವೂ ನಿಂತರು. ಮೊದಲನೆಯದರ ಹತ್ತಿರ ಬಗ್ಗಿ, ಎಲ್ಲಾದರೂ ಸಂದು ಇದೆಯೇನೋ ಅಂತ ಬೆರಳಾಡಿಸಿ ನೋಡಿದರು.

"ಇದು ಕ್ಯಾಲೆಂಡರ್‌ನಲ್ಲೂ ಇರುತ್ತೆ" ಅಂದರು. ಅಷ್ಟೇ. ಚೆನ್ನಾಗಿದೆ ಅಂತಲೂ ಅಂದರು, ಅದು ನನಗಾಗಿ. ಯಜಮಾನರು ಗೋಡೆಯ ಕಡೆ ನೋಡುತ್ತಿದ್ದರು. ಒಳಗಿನದು ಒಂದು ಹೇಳಿದ್ದರೆ ಮಾಡಬಹುದಿತ್ತು ಅಂತ ನಾನು ಅವರ ಕಡೆ ತಿರುಗಿದೆ. ಅದು ಹೇಳುವ ವಿಷಯ ಅಲ್ಲ, ಸೇರುವಾಗಲೇ ಮಾತು ಕೊಟ್ಟಿರುತ್ತೇವೆ ಅಂದರು. ಆಯಮ್ಮ ಸೆರಗು ಸರಿಮಾಡಿಕೊಂಡು ಆಟೋ ಹತ್ತಿದರು. ಹತ್ತುವಾಗ ಗಂಡನ ಕೈ ಹಿಡಿಯಲಿಲ್ಲ.

ನನಗೆ ಕನಿಕರ ಏನೂ ಬರಲಿಲ್ಲ. ಎರಡು ತಿಂಗಳು ಬೆನ್ನು ಮುರಿದುಕೊಂಡು ಮಾಡಿದ್ದನ್ನು ಕ್ಯಾಲೆಂಡರ್ ಅಂದುಬಿಟ್ಟರಲ್ಲ ಅಂತ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಿನ ಸಿಟ್ಟು ಆ ಮನುಷ್ಯನ ಮೇಲೆ. ಹೊರಗಿನದು ಕೇಳಿದರೆ ಬಾಯಿ ಮುಚ್ಚುವುದಿಲ್ಲ, ಒಳಗಿನದು ಕೇಳಿದರೆ ಬಾಯಿ ತೆರೆಯುವುದಿಲ್ಲ. ಸೊಸೆ ಬಟ್ಟೆ ಸುತ್ತಿ ಕಟ್ಟಿಡೋಣವಾ ಅಂದಳು. ನಾನು ಹ್ಯಾಕ್ಸಾ ಗರಗಸ ತೆಗೆದುಕೊಂಡು ಬಾ ಅಂದೆ.

"ಅತ್ತೆ, ಒಂದ್ಸಲ ಕುಯ್ದ್ರೆ ಮತ್ತೆ ಕೂಡಲ್ಲ. ಪೈಪು ಅದು."

"ಗೊತ್ತು ಕಣೇ. ಹಿಡ್ಕೋ."

ಮೊದಲನೆಯ ಬೋಟನ್ನು, ಅದೇ ಮೂರು ಫ್ಯಾನಿನ ರಷ್ಯಾದ್ದನ್ನು, ಒಂದು ಮಗ್ಗುಲಿನ ಉದ್ದಕ್ಕೂ ಕುಯ್ದೆ. ಮಸಿಯೆಲ್ಲ ಉದುರಿತು. ಪೈಪು ಕೂಗಿತು. ಕೈಯಲ್ಲಿ ಬೊಕ್ಕೆ ಎದ್ದವು. ಮಗ್ಗುಲು ಕಳಚಿಕೊಂಡು ಬಂದಾಗ ಒಳಗೆ ಬೆಳ್ಳಗೆ ನುಣ್ಣಗೆ ಖಾಲಿ ಇತ್ತು.

ಆ ಖಾಲಿಗೆ ಏನು ತುಂಬುವುದು? ನನಗೆ ಗೊತ್ತಿರುವುದು ಮನೆ, ಅದನ್ನೇ ತುಂಬಿದೆ. ರಟ್ಟಿನ ಅಡ್ಡಗೋಡೆ ಹಾಕಿ ಕೋಣೆ ಮಾಡಿದೆವು. ಒಂದು ಅಡುಗೆಮನೆ, ಅದರಲ್ಲಿ ಒಲೆ. ಒಂದು ಬಚ್ಚಲು, ಅದರಲ್ಲಿ ನೀರು ಕಾಯಿಸುವ ಹಂಡೆ. ಸಾಲಾಗಿ ಮಂಚ, ತಲೆಗೊಂದು. ಊಟಕ್ಕೊಂದು ದೊಡ್ಡ ಹಾಲ್. ಸೊಸೆ ಆಚೆ ಗೋಡೆಗೆ ನೀಲಿ ಬಣ್ಣದಲ್ಲಿ ಗುಂಡಗಿನ ಕಿಟಕಿಗಳನ್ನು ಬರೆದು, ಕಿಟಕಿಯಲ್ಲಿ ಮೀನುಗಳನ್ನೂ ಬರೆದಳು. ನನಗೆ ಚೆನ್ನಾಗಿ ಕಂಡಿತು. ಯಜಮಾನರೊಬ್ಬರೇ ಬಂದು ನೋಡಿಹೋಗಲಿ ಅಂತ ಹೇಳಿಕಳಿಸಿದೆ. ಆಯಮ್ಮನೂ ಜೊತೆಗೇ ಬಂದರು, ಒಬ್ಬರನ್ನೇ ಕಳಿಸಲು ಮನಸ್ಸಿಲ್ಲವಂತೆ.

ಯಜಮಾನರು ಕನ್ನಡಕ ಹಾಕಿಕೊಂಡು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

"ಏನ್ರೀ ಇದು" ಅಂದರು. "ಕಲ್ಯಾಣ ಮಂಟಪ ಮಾಡಿಟ್ಟಿದ್ದೀರಲ್ಲ. ಇದೇನು, ಹಂಡೆನಾ?"

"ಸ್ನಾನಕ್ಕೆ" ಅಂದೆ.

"ಯಾರ ಸ್ನಾನಕ್ಕೆ?"

"ನಿಮ್ಮ ಸ್ನಾನಕ್ಕೆ ಸ್ವಾಮಿ. ಮತ್ತಿನ್ಯಾರ್ದು?"

ಅವರು ಹಂಡೆಯನ್ನು ಎರಡು ಬೆರಳಿನಲ್ಲಿ ಕಿತ್ತು ಈಚೆಗೆ ಇಟ್ಟರು. ಮೀನಿನ ಮೇಲೆ ಉಗುರಿನಿಂದ ಕೆರೆದರು. ಇದನ್ನು ಹಬ್ಬಕ್ಕೆ ಇಟ್ಟರೆ ನೋಡಿದವರು ನಗುತ್ತಾರೆ, ಮುಚ್ಚಿಬಿಡಿ ಅಂದರು.

ಅಲ್ಲಿ ನಾನು ನಿಂತುಬಿಟ್ಟೆ. "ಮುಚ್ಚಲ್ಲ. ನನಗೆ ಗೊತ್ತಿರೋದು ನಾನು ಮಾಡಿದೀನಿ. ನಾಲ್ಕನೇ ಕ್ಲಾಸು ನಾನು, ಸಮುದ್ರ ನೋಡಿಲ್ಲ. ನೀವು ಹೇಳೋದಾದ್ರೆ ಆ ಸ್ಟೂಲ್ ಮೇಲೆ ಕೂತು ಹೇಳಿ, ಕಿತ್ತಾಕಿ ಬೇರೆ ಮಾಡ್ತೀನಿ. ಹೇಳದಿದ್ರೆ ಹಂಡೆ ಸಮೇತ ಹಿಂಗೇ ಹೋಗುತ್ತೆ."

ಅವರು ಮತ್ತೆ ಕೊಟ್ಟ ಮಾತಿನ ವಿಷಯ ತೆಗೆದರು. ಆಗ ಸೊಸೆ ಫೋನ್ ಹಿಡಿದುಕೊಂಡು ಬಂದಳು. ಅದೇ ಜಾತಿಯ ಒಂದು ಬೋಟನ್ನು ವೈಜಾಗ್‌ನಲ್ಲಿ ದಡದ ಮೇಲೆ ತಂದು ನಿಲ್ಲಿಸಿದ್ದಾರಂತೆ, ಜನ ಟಿಕೆಟ್ ತೆಗೆದುಕೊಂಡು ಒಳಗೆಲ್ಲ ಓಡಾಡುತ್ತಾರಂತೆ. ಫೋಟೋ ಬೇರೆ ಇದ್ದವು. ಯಜಮಾನರಿಗೆ ಅದು ಮೊದಲೇ ಗೊತ್ತಿತ್ತು ಅನ್ನುವುದು ಮುಖದಲ್ಲೇ ಕಾಣಿಸುತ್ತಿತ್ತು.

ಆಯಮ್ಮ ಫೋನನ್ನು ನೋಡಲೂ ಇಲ್ಲ. "ಊರಿನ ಜನಕ್ಕೆಲ್ಲ ತೋರಿಸ್ತಾರೆ. ನನ್ನ ಯಾಕೆ ಕರ್ಕೊಂಡು ಹೋಗ್ಲಿಲ್ಲ ನೀವು?"

ಅವರು ಬಾಗಿಲು ಗುಂಡಗಿದೆ, ಕಾಲೆತ್ತಿ ಬಗ್ಗಿ ದಾಟಬೇಕು, ನಿನ್ನ ಮಂಡಿಗೆ ಆಗುವುದಿಲ್ಲ ಅಂತೆಲ್ಲ ಹೇಳಿದರು. ಕೊನೆಗೆ ಅವರು ಸ್ಟೂಲ್ ಎಳೆದುಕೊಂಡು ಕೂತರು.

"ಅಲ್ಲಿ ತೊಳೆದು ಬಣ್ಣ ಹೊಡೆದಿಟ್ಟವ್ರೆ ಕಣೇ. ವಾಸನೆ ಇಲ್ಲ. ವಾಸನೆ ಇಲ್ದೆ ಅದೇನು ತೋರ್ಸೋದು?"

ಅವತ್ತಿನಿಂದ ಇಬ್ಬರೂ ದಿನಾ ಬಂದರು. ಹಾಗಂತ ಕೆಲಸ ಸುಲಭವೇನೂ ಆಗಲಿಲ್ಲ. ಕಟ್ಟಿದ್ದನ್ನೆಲ್ಲ ಯಜಮಾನರು ಕೀಳಿಸಿದರು. ಕುಯ್ದ ಅಂಚನ್ನು ನೋಡಿ, ಒಳಗೊಂದು ಕೊಳವೆ, ಹೊರಗೊಂದು ಚಿಪ್ಪು, ಬೋಟು ಇರುವುದೂ ಹೀಗೆಯೇ, ನಡುವೆ ನೀರು ತುಂಬಿಸಿಕೊಂಡು ಮುಳುಗುವುದು ಅಂದರು. ಅದೊಂದೇ ಸರಿ ಇದ್ದದ್ದು. ಕೋಣೆ ಏಳು ಇರಬೇಕು. ನೆಲ ಕೆಳಗಿರಬಾರದು, ನಡುವಿನಲ್ಲಿ ಬರಬೇಕು, ಎರಡು ಕೋಣೆಗಳ ನೆಲದ ಅಡಿಯಲ್ಲಿ ಬ್ಯಾಟರಿ. ಬ್ಯಾಟರಿ ಅಂದರೆ ನಮ್ಮ ಯುಪಿಎಸ್ಸಿನದಲ್ಲ, ಆಳೆತ್ತರದ್ದು, ನೂರಾರು. ಅವುಗಳ ಮೇಲೆ ತೆವಳಿಕೊಂಡು ಹೋಗಿ ಆಸಿಡ್ ನೋಡಿಬರಬೇಕು. ಚಾರ್ಜ್ ಆಗುವಾಗ ಗ್ಯಾಸ್ ಏಳುತ್ತದೆ, ಅದು ಕೂಡಿಕೊಂಡರೆ ಒಂದು ಕಿಡಿ ಸಾಕು. ಈ ಸುದ್ದಿಯನ್ನು ಅವರು ಹೇಳಿದ್ದು ಅವರೆಕಾಯಿ ಸುಲಿಯುವವರ ಧಾಟಿಯಲ್ಲಿ. ಆಯಮ್ಮ ತಂದಿದ್ದ ತಿಂಡಿಯ ಡಬ್ಬಿಯನ್ನು ಮುಚ್ಚುವುದನ್ನೇ ಮರೆತರು.

ಸಾಬೂನಿನ ಡಬ್ಬಿ ಕತ್ತರಿಸಿ ಬ್ಯಾಟರಿ ಮಾಡಿದೆವು, ಅಳತೆ ಸರಿಯಿಲ್ಲ ಅಂದರು. ಮತ್ತೆ ಮಾಡಿದೆವು. ಇಂಜಿನ್ ಮೂರು. ಅದರ ಹಿಂದಿನ ಕೋಣೆಯಲ್ಲಿ ಮೋಟಾರು, ಸ್ವಿಚ್ಚಿನ ಹಲಗೆ. ಮೂತಿಯಲ್ಲಿ ಶತ್ರುವಿನ ಮೇಲೆ ಬಿಡುವ ಟಾರ್ಪಿಡೊ ಹೋಗುವ ಕೊಳವೆಗಳು, ಬಾಲದಲ್ಲೂ ಒಂದಷ್ಟು. ಸ್ಟ್ರಾ ಕತ್ತರಿಸಿ ಜೋಡಿಸುತ್ತ ಜೋಡಿಸುತ್ತ ನನ್ನ ಕಣ್ಣು ಉರಿದುಹೋಯಿತು. ಮಂಚ ಎಲ್ಲಿ ಅಂತ ಕೇಳಿದರೆ ಟಾರ್ಪಿಡೊ ಪಕ್ಕದಲ್ಲೇ ಅಂದರು, ಒಂದರ ಮೇಲೊಂದು.

"ತಲೆಗೊಂದು ಮಂಚ ಎಲ್ಲಿಂದ ಬರ್ಬೇಕು? ನನಗೂ ಇನ್ನೊಬ್ಬನಿಗೂ ಸೇರಿ ಒಂದು. ಅವನು ಎದ್ದು ಪಾಳಿಗೆ ಹೋದ್ರೆ ನಾನು ಬಿದ್ಕೊಳ್ಳೋದು. ಅವನ ಬೆವರು ಆರಿರ್ತಿರ್ಲಿಲ್ಲ."

"ಬಚ್ಚಲು?" ಅಂದೆ. ಹಂಡೆ ಇನ್ನೂ ಹಲಗೆಯ ಮೇಲೆಯೇ ಇತ್ತು.

"ಕುಡಿಯೋಕೆ ಅಳೆದು ಕೊಡೋ ನೀರಲ್ಲಿ ಸ್ನಾನ ಎಲ್ಲಿ? ಬಂದರು ಮುಟ್ಟೋತನಕ ಇಲ್ಲ. ವಾರಗಟ್ಲೆ. ಡೀಸೆಲ್ಲು, ಬೆವರು, ಅಡುಗೆ, ಎಲ್ಲ ಒಂದೇ ಗಾಳಿ. ಚರ್ಮದೊಳಕ್ಕೇ ಇಳಿದ್ಬುಡೋದು. ಊರಿಗೆ ಬಂದ್ರೂ ನಾಲ್ಕು ದಿನ ಹೋಗ್ತಿರ್ಲಿಲ್ಲ."

ಆಯಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. "ಅದಕ್ಕಾ?" ಅಂದರು. "ರಜಕ್ಕೆ ಬಂದೋರು ನನ್ನ ಮುಖಾನೂ ನೋಡ್ದೆ ಬಚ್ಚಲಿಗೆ ಹೋಗೋರು. ನೀರು ತಣ್ಣಗಾದ್ರೂ ಆಚೆ ಬರ್ತಿರ್ಲಿಲ್ಲ. ಆಮೇಲೆ ಜಗಲೀಲಿ ಹೋಗಿ ಮಲಗೋರು, ನಾಲ್ಕು ದಿನ. ನಾನು ಬೇಡವಾಗಿದೀನಿ ಅಂದ್ಕೊಂಡಿದ್ದೆ ಕಣ್ರೀ. ಪ್ರತಿಸಲ ಹಾಗೇ ಅಂದ್ಕೊಳ್ತಿದ್ದೆ."

"ವಾಸನೆ ಕಣೇ" ಅಂದರು ಅವರು. "ಹೊಸ ಮದುವೆ. ನೀನು ಮೂಗು ಮುಚ್ಕೊಂಡ್ರೆ ಅಂತ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

ಸೊಸೆ ಎದ್ದು ಹೊರಗೆ ಹೋದಳು. ನಾನು ಹೋಗಲಿಲ್ಲ. ಅಂಟು ಒಲೆಯ ಮೇಲಿತ್ತು, ಕದಡದೆ ಬಿಟ್ಟರೆ ತಳ ಹಿಡಿಯುತ್ತದೆ. ಕದಡುತ್ತ ಕೂತೆ. ಇಷ್ಟು ಸಣ್ಣ ಮಾತಿಗೆ ಒಂದು ಬೋಟು ಕುಯ್ಯಬೇಕಾಯಿತಲ್ಲ ಅಂತ ನನ್ನ ಸಂಕಟ ನನಗೆ.

ಕೊನೆಗೆ ಒಬ್ಬ ಮನುಷ್ಯನನ್ನು ಮಾಡಿದೆ, ಒಬ್ಬನೇ, ಕಿರುಬೆರಳಿನಷ್ಟು. ಬೆಂಕಿಕಡ್ಡಿಗೆ ಮುದ್ದೆ ಸುತ್ತಿ, ಚಡ್ಡಿ ಬನಿಯನ್ ಬರೆದು, ನಮ್ಮ ಪದ್ಧತಿಯಂತೆ ಎಲ್ಲ ಮುಗಿದ ಮೇಲೆ ಕಣ್ಣು ಬರೆದೆ. ಎಲ್ಲಿಡಲಿ ಅಂತ ಕೇಳಿದಾಗ ಯಜಮಾನರು ಮೋಟಾರು ಕೋಣೆ ತೋರಿಸಿದರು, ಸ್ವಿಚ್ಚಿನ ಹಲಗೆಯ ಮುಂದೆ. ಮಂಚದ ಮೇಲೆ ಮಲಗಿಸಲಾ ಅಂದೆ. ಬೇಡ, ಪಾಳಿ ನಡೀತಾ ಇದೆ ಅಂದರು. ಅಲುಗಾಡಬಾರದು ಅಂತ ಪಾದಕ್ಕೆ ಗಟ್ಟಿ ಅಂಟು ಹಾಕಿ ನಿಲ್ಲಿಸಿದೆ.

ಪಾಡ್ಯದ ಬೆಳಿಗ್ಗೆ ನಾಲ್ಕನ್ನೂ ಟೆಂಪೋದಲ್ಲಿ ಒಯ್ದು ಕೊಟ್ಟೆವು. ಕುಯ್ದ ಬೋಟಿಗೆ ಮತ್ತೆ ಹಚ್ಚಿದ ಮಸಿ ಹಿಂದಿನ ಸಂಜೆಯವರೆಗೂ ಒಣಗಿರಲಿಲ್ಲ, ದಾರಿಯುದ್ದಕ್ಕೂ ಸೊಸೆ ಅದನ್ನು ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದಳು. ಪಟ್ಟದ ಗೊಂಬೆಯ ಕೆಳಗೇ ಕುಯ್ದ ಬೋಟು, ಅದರ ಕೆಳಗೆ, ದೇಶಕ್ಕೆ ಬಂದ ವರಸೆಯಲ್ಲಿ, ಮಿಕ್ಕ ಮೂರು. ಕೇರಿಯ ಹೆಂಗಸರು ಬಂದರು. ಈ ನಾಲ್ಕರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರು, ಇದರಲ್ಲಿ ದೇವರು ಯಾವುದು ಅಂತಲೂ ಒಬ್ಬರು ಕೇಳಿದರಂತೆ. ಆಯಮ್ಮ ಒಬ್ಬೊಬ್ಬರನ್ನೂ ಬಗ್ಗಿಸಿ ಒಳಗು ತೋರಿಸಿ, ಇಲ್ಲಿ ಇಂಜಿನ್, ಇಲ್ಲಿ ಬ್ಯಾಟರಿ, ಇಲ್ಲಿ ನಮ್ಮನೆಯವರು ಅನ್ನುತ್ತಿದ್ದರಂತೆ.

ದಶಮಿಯ ಸಂಜೆ ಅರಿಶಿನ ಕುಂಕುಮಕ್ಕೆ ಕರೆದಿದ್ದರು, ಹೋಗಿದ್ದೆ. ಅವತ್ತು ಗೊಂಬೆ ಮಲಗಿಸುವ ದಿನ. ಆರತಿ ಎತ್ತಿ, ಪಟ್ಟದ ಗೊಂಬೆಯನ್ನು ಮೆಲ್ಲಗೆ ಅಡ್ಡ ಮಲಗಿಸಿದರೆ ಆ ವರ್ಷದ ಹಬ್ಬ ಮುಗಿಯಿತು. ಆಯಮ್ಮ ಆರತಿ ಎತ್ತಿದರು. ಪಟ್ಟದ ಗೊಂಬೆಗೆ ಕೈ ಹಾಕುತ್ತಾರೆ ಅಂತ ನಾನು ನೋಡುತ್ತಿದ್ದರೆ, ಕೈ ಕೆಳಗಿನ ಮೆಟ್ಟಿಲಿಗೆ ಹೋಯಿತು. ಬೋಟಿನೊಳಗೆ ಎರಡು ಬೆರಳು ಹಾಕಿ ಆ ಮನುಷ್ಯನನ್ನು ಹಿಡಿದರು.

"ಅಯ್ಯೋ, ಅಂಟಿಸಿದೀನಿ ಕಣಮ್ಮ, ಎಳೀಬೇಡಿ" ಅಂದೆ. ಅಷ್ಟರಲ್ಲಿ ಎಳೆದಾಗಿತ್ತು. ಮನುಷ್ಯ ಬಂದ, ಪಾದ ಎರಡೂ ಸ್ವಿಚ್ಚಿನ ಹಲಗೆಯ ಮುಂದೆಯೇ ಉಳಿದವು.

ಆಯಮ್ಮ ಅವನನ್ನು ಟಾರ್ಪಿಡೊ ಪಕ್ಕದ ಮಂಚದ ಮೇಲೆ ಮಲಗಿಸಿದರು. "ಪಾಳಿ ಮುಗೀತು" ಅಂದರು. ಯಜಮಾನರು ಹಿಂದೆ ಕುರ್ಚಿಯಲ್ಲಿದ್ದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಿದ್ದರು.

ನಾಳೆ ಕಳಿಸಿ, ಕಡ್ಡಿ ಹಾಕಿ ಪಾದ ಕೂಡಿಸಿಕೊಡುತ್ತೇನೆ ಅಂದೆ. ಬೇಡ, ಅಲ್ಲೇ ಇರಲಿ ಅಂದರು ಆಯಮ್ಮ. ಹಾಗೆ ಬಿಟ್ಟರೆ ಮುರಿದ ಕಡೆಯಿಂದ ಹುಳ ಹಿಡಿಯುತ್ತದೆ ಅಂತ ಹೇಳಿದೆ. ಕೇಳಲಿಲ್ಲ.